ಸೊನ್ನೆ ಆನೆ

ಪ್ರದೀಪನೇ 'ಆನೆ ಇಲ್ಲ' ಎಂದು ಕಳಿಸಿದ್ದಾನೆ ಎಂದು ನಟರಾಜ್ ಮತ್ತೊಮ್ಮೆ ಹೇಳಿದಾಗ ಸುಚಿತ್ರಾ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಕಾಫಿ ತುಳುಕಿ ಕೀಬೋರ್ಡಿನ ಅಂಚಿಗೆ ಹರಿಯಿತು. ಒರೆಸುವ ಮನಸ್ಸಾಗಲಿಲ್ಲ.

"ಹಾಗಂತ ನಿಮಗೆ ಯಾರು ಹೇಳಿದ್ದು ಸಾರ್?"

"ಲಾಗ್ ಹೇಳ್ತಿದೆಯಲ್ಲಮ್ಮ. ಕಣ್ಣೆದುರಿಗೇ ಇದೆ, ನಾನು ಬೇರೆ ಹೇಳ್ಬೇಕಾ?"

ಪರದೆಯ ಮೇಲೆ ಒಂದೇ ಸಾಲು. ಜಾಗ: ವನಗೂರು ಮೇಲಿನ ಎಸ್ಟೇಟ್. ಕಳಿಸಿದವರು: ಪ್ರದೀಪ್. ಆನೆಗಳ ಸಂಖ್ಯೆ: 0. ಅದರ ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ 'ದಾರಿ ಮುಕ್ತ' ಎಂದಿತ್ತು.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು ಬೆಳೆಗಾರರ ಸಂಘದ ಕಚೇರಿ. ನಟರಾಜ್ ಅದರ ಕಾರ್ಯದರ್ಶಿ. ಸುಚಿತ್ರಾ ಆಲೂರಿನ ಕಡೆಯವಳು; ಸಂಘ ನಡೆಸುವ ಆನೆ ಎಚ್ಚರಿಕೆಯ ವ್ಯವಸ್ಥೆ ಅವಳ ಉಸ್ತುವಾರಿಯಲ್ಲಿತ್ತು. ಗುಡ್ಡಗಳಲ್ಲಿ ಆನೆಯ ಜಾಡು ನೋಡಿಕೊಂಡು ತಿರುಗುವ ಹುಡುಗರು ಫೋನಿನ ಆಪಿನಲ್ಲಿ ಜಾಗ, ಸಂಖ್ಯೆ ಒತ್ತಿ ಕಳಿಸುತ್ತಾರೆ. ಅದು ಮೈಸೂರಿನ ಒಂದು ಕಂಪನಿಯ ಸರ್ವರಿಗೆ ಹೋಗುತ್ತದೆ. ಅಲ್ಲಿಂದ ಆ ಎಸ್ಟೇಟಿನ ದಾರಿಯ ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ, ಸುತ್ತಮುತ್ತಲ ಎಲ್ಲ ಫೋನುಗಳಿಗೂ ಎಚ್ಚರಿಕೆಯ ಕರೆ ಹೋಗುತ್ತದೆ. ಆನೆ ದಾಟಿಹೋದ ಮೇಲೆ ಹುಡುಗರು ಸೊನ್ನೆ ಒತ್ತಿದರೆ ದೀಪ ಹಸಿರಾಗುತ್ತದೆ.

ನಿನ್ನೆ ಬೆಳಗ್ಗೆ ಹಾಗೆಯೇ ಹಸಿರಾಗಿತ್ತು. ಹಿಂಡೊಂದು ಇದೆ ಎಂದು ಮುಂಜಾನೆಯಿಂದ ಕೆಂಪಿದ್ದ ಬೋರ್ಡು ಹಸಿರಾದದ್ದನ್ನು ನೋಡಿ, ಸ್ಟೋರಿನ ಮುಂದೆ ಕಾಯುತ್ತಿದ್ದ ಕೂಲಿ ಲೈನಿನ ಹೆಂಗಸರು ಕಾಫಿ ಹಣ್ಣು ಕೀಳಲು ತೋಟಕ್ಕೆ ಇಳಿದರು. ಹಳ್ಳದ ಪಕ್ಕದ ರೊಬಸ್ಟಾ ಗಿಡಗಳ ನಡುವೆ ಮರಿ ಹಾಕಿದ ಹೆಣ್ಣಾನೆ ನಿಂತಿತ್ತು. ಎಲ್ಲರೂ ಓಡಿದರು. ಹುಲಿಯಮ್ಮನಿಗೆ ಓಡಲಾಗಲಿಲ್ಲ. ಈಗ ಅವಳು ಹಾಸನದ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾಳೆ. ಮತ್ತೆ ನಡೆಯುತ್ತಾಳೋ ಇಲ್ಲವೋ ಡಾಕ್ಟರು ಬಾಯಿ ಬಿಡುತ್ತಿಲ್ಲ. ಅವಳ ಗಂಡ ಭೂತಯ್ಯ ಪ್ರದೀಪನ ಫೋನು ಕಿತ್ತು ಕಲ್ಲಿಗೆ ಅಪ್ಪಳಿಸಿದ, ಆಮೇಲೆ ಅವನ ಮುಖಕ್ಕೂ ಹೊಡೆದ. ಬಿಡಿಸಲು ಯಾರೂ ಹೋಗಲಿಲ್ಲವಂತೆ.

"ನಾಳೆ ಭೂತಯ್ಯ ಸ್ಟೇಷನ್ನಿಗೆ ಹೋಗ್ತಾನೆ. ಲಾಗಿನ ಪ್ರಿಂಟ್ ಕೇಳಿದಾನೆ, ಕೊಡ್ತೀನಿ," ಎಂದರು ನಟರಾಜ್. "ಹುಡುಗನ್ನ ಇವತ್ತೇ ತೆಗೀತೀನಿ. ಕುಡಿದಿದ್ದ ಅಂತಿದಾರೆ ಎಲ್ಲರೂ."

"ಬೆಳ್ಳಂಬೆಳಗ್ಗೆ?"

"ಕುಡಿಯೋರಿಗೆ ಬೆಳಗೇನು, ಬೈಗೇನು."

"ಪ್ರದೀಪ ಕುಡಿಯೋದನ್ನ ನೀವು ಯಾವತ್ತಾದ್ರೂ ನೋಡಿದೀರಾ ಸಾರ್?"

"ನೀವು ಅವನ ಕಡೆ ವಕೀಲರಾ?"

ಅವಳು ಮೈಸೂರಿನ ಕಂಪನಿಗೆ ಫೋನ್ ಮಾಡಿದಳು. ಎತ್ತಿದವನು ಪ್ರತಾಪ್, ಈ ಸರ್ವರನ್ನು ನೋಡಿಕೊಳ್ಳುವ ಎಂಜಿನಿಯರ್. ಅವನ ದನಿ ಯಾವಾಗಲೂ ಈಗ ತಾನೇ ಸ್ನಾನ ಮಾಡಿ ಬಂದವನಂತೆ ಇರುತ್ತಿತ್ತು.

"ನಮ್ಮ ಕಡೆ ಏನೂ ಪ್ರಾಬ್ಲಂ ಇಲ್ಲ ಮ್ಯಾಮ್. ಸರ್ವಿಸ್ ಅಪ್ ಇದೆ. ಎಲ್ಲಾ ಗ್ರೀನ್."

"ಗ್ರೀನ್ ಅಂತ ಗೊತ್ತು. ಅದಕ್ಕೇ ಒಬ್ಬಳು ಆಸ್ಪತ್ರೇಲಿದಾಳೆ. ಪ್ರದೀಪನ ಫೋನಿಂದ ಬಂದ ಮೂಲ ಸಂದೇಶ ಇದೆಯಲ್ಲ, ಅದು ನನಗೆ ಬೇಕು."

"ಅದನ್ನ ಇಟ್ಕೊಳ್ಳಲ್ಲ ಮ್ಯಾಮ್. ಓದಿದ ಮೇಲೆ ಡಿಲೀಟ್ ಆಗುತ್ತೆ. ಸರ್ವರಲ್ಲಿ ಜಾಗ ಉಳಿಯುತ್ತಲ್ಲ."

"ಜಾಗ ಉಳಿಯುತ್ತೆ."

"ಹೌದು ಮ್ಯಾಮ್. ಮತ್ತೆ ಸೊನ್ನೆ ಅಂತ ಬಂದಿದೆ ಅಂದ್ರೆ ಸೊನ್ನೆ ಕಳ್ಸಿದಾರೆ ಅಂತ. ಇದರಲ್ಲಿ ಮಾಯ ಮಂತ್ರ ಏನೂ ಇಲ್ವಲ್ಲ."

ಫೋನಿಟ್ಟು ಅವಳು ಮೂಲೆಯ ಕಂಪ್ಯೂಟರಿನ ಮುಂದೆ ಕೂತಳು. ಮೈಸೂರಿನ ಸರ್ವರಿನ ಒಂದು ನಕಲು ಪರೀಕ್ಷೆಗೆಂದು ಅದರಲ್ಲಿತ್ತು. ಗೋಡೆಗೆ ಒರಗಿಸಿಟ್ಟ ಹೆಚ್ಚುವರಿ ಬೋರ್ಡೊಂದನ್ನು ಅದಕ್ಕೆ ಜೋಡಿಸಿ, ತನ್ನ ಫೋನಿನಿಂದ ಕಳಿಸುತ್ತ ಹೋದಳು. ಒಂದು ಆನೆ: ಕೆಂಪು. ಎರಡು: ಕೆಂಪು. ದೊಡ್ಡ ಹಿಂಡು: ಕೆಂಪು. ಅರ್ಧಕ್ಕೇ ಸಿಗ್ನಲ್ ಕತ್ತರಿಸಿ ನೋಡಿದಳು. ಸಂದೇಶ ಹೋಗಲೇ ಇಲ್ಲ, ದೀಪ ಇದ್ದಂತೆಯೇ ಇತ್ತು. ಸಂಖ್ಯೆಯ ಜಾಗ ಖಾಲಿ ಬಿಟ್ಟರೆ ಆಪೇ ಕಳಿಸಲು ಒಪ್ಪಲಿಲ್ಲ. ಫೋನಿನ ಗಡಿಯಾರ ಹಿಂದೆ ಮುಂದೆ ಮಾಡಿದಳು. ಹಳೆಯ ಆಪಿನಿಂದ ಕಳಿಸಿದಳು. ಯಾವುದಕ್ಕೂ ಸರ್ವರು ತಪ್ಪು ಮಾಡಲಿಲ್ಲ. ಅದು ಸರಿಯಾಗಿ ನಡೆದುಕೊಂಡಷ್ಟೂ ಅವಳ ಸಿಟ್ಟು ಏರುತ್ತಿತ್ತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತದ್ದು ಒಂದಿತ್ತು: ಉಪಕರಣ ಸರಿಯಾಗಿಯೇ ಉತ್ತರಿಸುತ್ತಿದ್ದರೆ ಕೇಳುತ್ತಿರುವ ಪ್ರಶ್ನೆ ಸರಿಯಿಲ್ಲ. ಅವನು ಏನು ಒತ್ತಿದ ಎಂದು ಊಹಿಸುತ್ತ ಕೂರುವುದಕ್ಕಿಂತ ಅವನನ್ನೇ ಕೇಳಬೇಕಿತ್ತು. ನಿನ್ನೆಯಿಂದ ಎಲ್ಲರೂ ಅವನಿಗೆ ಬೈದಿದ್ದರೇ ಹೊರತು ಒಬ್ಬರೂ ಅದನ್ನು ಕೇಳಿರಲಿಲ್ಲ, ಅವಳೂ ಸೇರಿದಂತೆ.

"ನಾನು ಬರೋವರೆಗೂ ಪ್ರಿಂಟ್ ಕೊಡಬೇಡಿ ಸಾರ್," ಎಂದು ನಟರಾಜ್‌ಗೆ ಹೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದಳು.

ಪ್ರದೀಪ ಮಾರನಹಳ್ಳಿಯಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದ. ವನಗೂರಿನಲ್ಲಿ ಇರುವುದು ಕ್ಷೇಮವಲ್ಲ ಎಂದು ಭಾವನೇ ಬಂದು ಕರೆತಂದಿದ್ದನಂತೆ. ಹೆದ್ದಾರಿಯಲ್ಲಿ ಬಸ್ಸಿಳಿದು ಸುಚಿತ್ರಾ ಹೋದಾಗ ಅವನು ಹಿತ್ತಲಲ್ಲಿ ಸೌದೆ ಸೀಳುತ್ತಿದ್ದ. ಹುಬ್ಬಿನ ಮೇಲೆ ಹೊಲಿಗೆ ಬಿದ್ದಿತ್ತು, ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಅವಳನ್ನು ನೋಡಿಯೂ ಕೊಡಲಿ ನಿಲ್ಲಿಸಲಿಲ್ಲ.

"ನೀವೂ ಬಯ್ಯಕ್ಕೆ ಬಂದ್ರಾ ಅಕ್ಕ? ಸಾಲಾಗಿ ನಿಂತ್ಕೊಳಿ, ಇನ್ನೂ ಜನ ಬರೋರವ್ರೆ."

"ಬಯ್ಯೋದು ಆಮೇಲೆ. ನಿನ್ನೆ ಬೆಳಗ್ಗೆ ಏನಾಯ್ತು ಹೇಳು."

"ಎಷ್ಟು ಸಲ ಹೇಳ್ಲಿ? ಹಿಂಡು ಆ ಕಡೆ ದಾಟ್ಕೊಂಡು ಹೋಗ್ಬುಡ್ತು. ತಾಯಿ ಮರಿ ಹಿಂದೆ ಉಳ್ಕೊಂಡ್ವು. ಮರಿ ಇನ್ನೂ ಎಳೇದು, ದಿಬ್ಬ ಹತ್ತಕ್ಕೆ ಆಗ್ತಿರ್ಲಿಲ್ಲ ಅದಕ್ಕೆ. ಅವು ಇನ್ನೂ ಇಲ್ಲೇ ಅವೆ ಅಂತ ಕಳ್ಸಿ ಹಳ್ಳಕ್ಕೆ ಇಳಿದೆ. ಹಳ್ಳದಲ್ಲಿ ಸಿಗ್ನಲ್ ಎಲ್ಲೈತೆ? ಮೇಲೆ ಬರೋ ಹೊತ್ಗೆ ಹೆಂಗಸ್ರು ಕಿರುಚ್ತಾ ಇದ್ರು."

"ಏನಂತ ಕಳಿಸಿದೆ?"

"ತಾಯಿ ಮರಿ ಅಂತ."

"ತಾಯಿ ಮರಿ ಅಂತ ಆಪಿನಲ್ಲಿ ಎಲ್ಲಿದೆಯೋ ಮಾರಾಯ? ಏನೇನು ಒತ್ತಿದೆ, ಅದನ್ನ ಹೇಳು."

ಅವನು ಕೊಡಲಿಯನ್ನು ದಿಮ್ಮಿಗೆ ಕಚ್ಚಿಸಿ ಬಿಟ್ಟ. ಇದೇನು ಕೇಳುತ್ತಿದ್ದಾಳೆ ಎಂಬಂತೆ ಒಂದೇ ಕಣ್ಣಲ್ಲಿ ನೋಡಿದ.

"ಒಂದು ಪ್ಲಸ್ ಒಂದು. ಇನ್ನೇನು ಒತ್ತಾರೆ? ಎರಡು ಅಂತ ಹಾಕಿದ್ರೆ ಎರಡು ಸಲಗ ಅಂದ್ಕೊಂಡು ದೂರದಲ್ಲಿ ಕೆಲಸ ಮಾಡ್ತಾ ಇರ್ತಾರೆ. ಪ್ಲಸ್ ಇದ್ರೆ ಮರಿ ಐತೆ ಅಂತ ಗೊತ್ತಾಯ್ತದೆ, ಮನೆ ಬಿಟ್ಟೇ ಹೊರಡಲ್ಲ. ನಿಮಗೆ ಗೊತ್ತಿಲ್ದೇ ಇರೋದಾ ಅಕ್ಕ ಇದು?"

ಗೊತ್ತಿಲ್ಲದೆ ಏನು. ಆಪು ಬರುವ ಮುಂಚೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಸ್ಟೋರಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹಾಗೆಯೇ ಬರೆಯುತ್ತಿದ್ದರು. ಆಲೂರಿನ ಕಡೆಯೂ ಅಷ್ಟೆ. ಹೋದ ವರ್ಷದವರೆಗೂ ಹುಡುಗರ ಸಂದೇಶಗಳು ಮೊದಲು ಸುಚಿತ್ರಾಳ ಫೋನಿಗೇ ಬರುತ್ತಿದ್ದವು. ಅವಳು ಕಣ್ಣಲ್ಲಿ ಓದಿ, ಮರಿ ಇದೆ, ಯಾರೂ ಹೊರಡಬೇಡಿ ಎಂದು ಮುಂದೆ ಕಳಿಸುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಹೊಸ ವ್ಯವಸ್ಥೆ ಬಂದು ನಡುವಿನ ಆ ಕಣ್ಣು ಹೋಯಿತು. ಪರೀಕ್ಷೆ ಮಾಡಿ ನೋಡಿದವಳು ಅವಳೇ. ಒಂದು, ಎರಡು, ದೊಡ್ಡ ಹಿಂಡು. ಇವತ್ತು ಬೆಳಗ್ಗೆ ಮಾಡಿದ ಹಾಗೆಯೇ.

"ನಿನ್ನದೇನೂ ತಪ್ಪಿಲ್ಲ," ಎಂದಳು.

"ಅದನ್ನ ನನ್ನ ಹತ್ರ ಹೇಳಿ ಏನ್ ಪ್ರಯೋಜನ? ನಮ್ಮಕ್ಕನ ಅತ್ತೆ ನನಗೆ ಊಟಕ್ಕಿಕ್ಕುವಾಗ ಮುಖ ತಿರುಗಿಸ್ತಾರೆ. ಮೊನ್ನೆ ತನಕ ವನಗೂರಲ್ಲಿ ಯಾರ ಮನೆಗೆ ಹೋದ್ರೂ ಕಾಫಿ ಕೊಡೋರು. ಈಗ ನಾನು ಹುಲಿಯಮ್ಮನ್ನ ಆನೆ ಬಾಯಿಗೆ ಕಳ್ಸಿದೋನು." ಅವನು ಕೊಡಲಿ ಎಳೆದುಕೊಂಡ. "ಹೋಗಿ ಅಕ್ಕ. ಬಸ್ಸು ಸಿಗಲ್ಲ ಆಮೇಲೆ."

ಅವಳು ಕಚೇರಿಗೆ ವಾಪಸಾದಾಗ ನಟರಾಜ್ ಇನ್ನೂ ಅಲ್ಲೇ ಇದ್ದರು, ಪ್ರಿಂಟು ಮೇಜಿನ ಮೇಲಿತ್ತು. ಸುಚಿತ್ರಾ ಗೋಡೆಯ ಬೋರ್ಡಿಗೆ ಮೊದಲು ಹಿಂಡೊಂದನ್ನು ಕಳಿಸಿದಳು. ಕೆಂಪು ಹತ್ತಿತು. ಆಮೇಲೆ ಸಂಖ್ಯೆಯ ಜಾಗ ತೆರೆದಳು. ಫೋನ್ ನಂಬರ್ ಒತ್ತುವ ಕೀಪ್ಯಾಡೇ ಅಲ್ಲಿಯೂ ಬಂತು, ಅದರಲ್ಲಿ ಪ್ಲಸ್ ಚಿಹ್ನೆ ಇದ್ದೇ ಇತ್ತು. ಒಂದು, ಪ್ಲಸ್, ಒಂದು ಒತ್ತಿ ಕಳಿಸಿದಳು.

ಬೋರ್ಡು ಹಸಿರಾಯಿತು.

"ಏನಾಯ್ತದು?" ಎಂದರು ನಟರಾಜ್.

"ನಿನ್ನೆ ಆದದ್ದೇ ಆಯ್ತು ಸಾರ್."

ಪರದೆಯಲ್ಲಿ ಹೊಸ ಸಾಲು ಬಂದಿತ್ತು. ಆನೆಗಳ ಸಂಖ್ಯೆ: 0. ದಾರಿ ಮುಕ್ತ.

ಏನಾಗಿದೆ ಎಂಬುದು ಈಗ ಗೊತ್ತಾಗಿತ್ತು, ಏಕೆ ಎಂಬುದು ಉಳಿದಿತ್ತು. ಅವಳು ಸರ್ವರಿನ ನಿಯಮಗಳಿರುವ ಕಾನ್ಫಿಗರೇಷನ್ ಫೈಲು ತೆರೆದಳು. ಫೋನಿನಿಂದ ಹೊರಡುವ ಸಂದೇಶ ಎಕ್ಸ್‌ಎಂಎಲ್ ಎಂಬ ರೂಪದಲ್ಲಿರುತ್ತದೆ. ಅಡಿಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿದ ಹಾಗೆ ಜಾಗಕ್ಕೊಂದು ಚೀಟಿ, ಹೊತ್ತಿಗೊಂದು ಚೀಟಿ, ಸಂಖ್ಯೆಗೊಂದು ಚೀಟಿ. ಯಾವ ಚೀಟಿಯ ವಿವರ ಸರ್ವರಿನ ಯಾವ ಖಾನೆಗೆ ಬೀಳಬೇಕು, ಆ ಖಾನೆಯಲ್ಲಿ ಅಕ್ಷರ ಹಿಡಿಸುತ್ತದೆಯೋ ಅಂಕಿ ಮಾತ್ರವೋ ಎಂದು ಹೇಳುವುದೇ ಬೈಂಡಿಂಗ್. ಹಳೆಯ ಫೈಲಿನಲ್ಲಿ ಆನೆಗಳ ಸಂಖ್ಯೆಯ ಖಾನೆ ಅಕ್ಷರಗಳದ್ದಾಗಿತ್ತು. ಹೊಸದರಲ್ಲಿ ಬರೀ ಅಂಕಿಯದು. 'ಒಂದು ಪ್ಲಸ್ ಒಂದು' ಅಂಕಿಯಲ್ಲ. ಆ ಖಾನೆಗೆ ಅದು ಹಿಡಿಸುವುದಿಲ್ಲ. ಹಿಡಿಸದಿದ್ದರೆ ಸಂದೇಶವನ್ನು ತಡೆದು ಕೂಗಿ ಹೇಳಬೇಕು. ಹಾಗೆ ಕೂಗುವ ಸಾಲು ಫೈಲಿನಲ್ಲಿ ಇತ್ತು, ಅದನ್ನು ಯಾರೋ ಆಫ್ ಮಾಡಿಟ್ಟಿದ್ದರು. ತಪ್ಪು ಬಂದರೆ ಸುಮ್ಮನೆ ಮುಂದಕ್ಕೆ ಹೋಗು ಎಂದು ಅದರ ಕೆಳಗೆ ಇನ್ನೊಂದು ಸಾಲು. ಏನೂ ಬೀಳದ ಅಂಕಿಯ ಖಾನೆಯಲ್ಲಿ ತಾನಾಗಿಯೇ ಇರುವುದು ಸೊನ್ನೆ. ಸೊನ್ನೆ ಎಂದರೆ ಆನೆ ಇಲ್ಲ. ಆನೆ ಇಲ್ಲ ಎಂದರೆ ಹಸಿರು.

ಗುಡ್ಡದಲ್ಲಿ ಎಲ್ಲಕ್ಕಿಂತ ಭಯದ ಸಂದೇಶ ಯಾವುದೋ ಅದನ್ನೇ ಆರಿಸಿ ತೆಗೆದು, ಭಯವಿಲ್ಲ, ಹೋಗಿ ಎಂದು ಈ ಯಂತ್ರ ಊರಿಗೆಲ್ಲ ಸಾರುತ್ತಿತ್ತು.

ಅವಳು ಲಾಗಿನಲ್ಲಿ ಹಿಂದೆ ಹಿಂದೆ ಹೋದಳು. ಆಲೂರಿನ ಕಡೆಯ ಒಬ್ಬ ಹುಡುಗ ಸೊನ್ನೆ ಕಳಿಸಿದವನು ಕೂಡಲೇ ಮತ್ತೆ ಸೊನ್ನೆ, ಮತ್ತೆ ಸೊನ್ನೆ ಕಳಿಸಿದ್ದ. ಪಾಪ, ದೀಪ ಕೆಂಪಾಗಲಿಲ್ಲವಲ್ಲ ಎಂದು ಒತ್ತಿಯೇ ಒತ್ತಿದ್ದಾನೆ, ಕೊನೆಗೆ ರೈಟರಿಗೆ ಫೋನ್ ಮಾಡಿ ಜನರನ್ನು ನಿಲ್ಲಿಸಿರಬೇಕು. ಅಂಥವು ಇನ್ನೂ ಇದ್ದವು. ಯಾರಿಗೂ ಏಟಾಗಿರಲಿಲ್ಲ, ಹಾಗಾಗಿ ಯಾರೂ ಕೇಳಿರಲಿಲ್ಲ.

ಪ್ರತಾಪ್‌ಗೆ ಮತ್ತೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಕಂಡದ್ದನ್ನೆಲ್ಲ ಅವನಿಗೆ ಹೇಳಿದಳು.

"ಟೆಕ್ನಿಕಲಿ ಅದು ಇನ್ವ್ಯಾಲಿಡ್ ಇನ್‌ಪುಟ್ ಮ್ಯಾಮ್. ನಂಬರ್ ಹಾಕೋ ಕಡೆ ನಂಬರ್ ಹಾಕ್ಬೇಕು. ಯೂಸರ್ ಟ್ರೇನಿಂಗ್ ಇಶ್ಯೂ."

"ತಪ್ಪು ಅಂತ ಹೇಳೋ ಸಾಲು ಆಫ್ ಮಾಡಿದ್ದು ಯಾವ ಯೂಸರ್?"

"ಅದು... ಶುರುವಿನಲ್ಲಿ ಸಣ್ಣಪುಟ್ಟದಕ್ಕೆಲ್ಲ ರಿಜೆಕ್ಟ್ ಆಗ್ತಿತ್ತು. ಮೆಸೇಜೇ ಹೋಗ್ತಿಲ್ಲ ಅಂತ ನಿಮ್ಮ ಆಫೀಸಿಂದಾನೇ ಕಂಪ್ಲೇಂಟ್ ಬಂತು. ಅದಕ್ಕೆ ಆಫ್ ಮಾಡಿದ್ವಿ. ಆಮೇಲೆ ಕಂಪ್ಲೇಂಟೇ ಬರ್ಲಿಲ್ಲ."

"ಹೊಗೆ ಬರುತ್ತೆ ಅಂತ ದೂರು ಕೊಟ್ರೆ ಕಿಟಕಿ ಮುಚ್ಚಿ ಹೋಗಿದೀರಿ. ಒಳಗೆ ಬೆಂಕಿ ಇದೆಯಾ ನೋಡ್ಲಿಲ್ಲ."

"ನೆಕ್ಸ್ಟ್ ರಿಲೀಸಲ್ಲಿ ಸರಿ ಮಾಡ್ತೀವಿ ಮ್ಯಾಮ್."

"ನೆಕ್ಸ್ಟ್ ರಿಲೀಸಿನವರೆಗೂ ಆನೆಗೆ ಮರಿ ಹಾಕಬೇಡ ಅಂತ ನೀವೇ ಬಂದು ಹೇಳ್ತೀರಾ? ಆ ಸಾಲು ಈಗ ಆನ್ ಮಾಡಿ. ಖಾನೆಗೆ ಹಿಡಿಸದ್ದು ಏನೇ ಬರಲಿ, ದೀಪ ಕೆಂಪಾಗಬೇಕು. ಅರ್ಥ ಆಗದೇ ಇದ್ದಾಗ ಕೆಂಪು. ಮಾಡಿ, ನಾನು ಫೋನಲ್ಲೇ ಇರ್ತೀನಿ."

ಅಪ್ರೂವಲ್ ಬೇಕು ಎಂದ. ತಗೊಳ್ಳಿ ಎಂದಳು. ಅವನು ಗೊಣಗುತ್ತ ಯಾರನ್ನೋ ಕೇಳಿಬಂದ, ಕೀಗಳ ಸದ್ದಾಯಿತು. ಅಲ್ಲಿ ಮಾಡಿದ್ದನ್ನೇ ಇಲ್ಲಿನ ನಕಲಿಗೂ ಹಾಕಿಸಿ, ಅವಳು ಒಂದು ಪ್ಲಸ್ ಒಂದನ್ನು ಮತ್ತೆ ಕಳಿಸಿದಳು. ಗೋಡೆಯ ಬೋರ್ಡು ಕೆಂಪಾಯಿತು. ಥ್ಯಾಂಕ್ಸ್ ಹೇಳದೆ ಫೋನಿಟ್ಟಳು.

ನಟರಾಜ್ ಪ್ರಿಂಟನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದರು. ಎದ್ದು ಹೋಗಿ ಬಾಗಿಲು ಮುಚ್ಚಿಕೊಂಡು ಬಂದರು.

"ಒಳ್ಳೇ ಕೆಲಸ ಮಾಡಿದಿರಿ. ಸರಿ ಹೋಯ್ತಲ್ಲ, ಇನ್ನು ಇದು ನಮ್ಮೊಳಗೇ ಇರಲಿ."

"ಪ್ರದೀಪ?"

"ಅವನಿಗೆ ಆಲೂರಿನ ಕಡೆ ಎಲ್ಲಾದ್ರೂ ಕೆಲಸ ಕೊಡಿಸೋಣ. ಭೂತಯ್ಯನಿಗೆ ನಾನು ಸಮಾಧಾನ ಮಾಡ್ತೀನಿ, ಸ್ಟೇಷನ್ ಗೀಷನ್ ಬೇಡ ಅಂತ. ನಾಲ್ಕು ದಿನ ಆದ್ರೆ ಜನ ಮರೀತಾರೆ."

"ಏನನ್ನ ಮರೀತಾರೆ? ಮಾಡದೇ ಇರೋ ತಪ್ಪನ್ನಾ?"

"ದನಿ ಏರಿಸ್ಬೇಡಿ. ಯೋಚನೆ ಮಾಡಿ ಒಂದ್ಸಲ. ಹಸಿರು ದೀಪ ಸುಳ್ಳು ಹೇಳುತ್ತೆ ಅಂತ ಗೊತ್ತಾದ್ರೆ ನಾಳೆಯಿಂದ ಕೆಂಪನ್ನೂ ಯಾರೂ ನಂಬಲ್ಲ. ಅದರಿಂದ ಇನ್ನೂ ನಾಲ್ಕು ಜನಕ್ಕೆ ಅಪಾಯ ಆಗಲ್ವಾ?"

ಈ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ, ಅದೇ ಅವಳನ್ನು ಇನ್ನಷ್ಟು ಉರಿಸಿತು. ಮನುಷ್ಯ ತನ್ನ ಭಯಕ್ಕೆ ಊರಿನ ಹಿತದ ಅಂಗಿ ತೊಡಿಸಿ ತಂದು ನಿಲ್ಲಿಸಿದ್ದ, ಅಳತೆಯೂ ಸರಿಯಾಗಿ ಕೂತಿತ್ತು.

"ಹಸಿರು ಸುಳ್ಳು ಹೇಳಿದ್ದು ವನಗೂರಿನವರಿಗೆ ಗೊತ್ತೇ ಇದೆ ಸಾರ್. ಅವರ ಕಣ್ಣೆದುರಿಗೇ ಆಗಿದ್ದು. ಸುಳ್ಳು ಹೇಳಿದ್ದು ಯಾರು ಅನ್ನೋದು ಮಾತ್ರ ಅವರಿಗೆ ತಪ್ಪಾಗಿ ಗೊತ್ತಿದೆ. ನಾಳೆ ಇನ್ನೊಬ್ಬ ಹುಡುಗ ಯಾವ ಧೈರ್ಯದ ಮೇಲೆ ಆ ಫೋನ್ ಹಿಡ್ಕೊಂಡು ಆನೆ ಹಿಂದೆ ಹೋಗ್ತಾನೆ?"

"ಪರೀಕ್ಷೆ ಮಾಡಿ ಸರಿಯಾಗಿದೆ ಅಂತ ಸೈನ್ ಹಾಕಿದ್ದು ನೀವು," ಎಂದರು ನಟರಾಜ್, ಮೆಲ್ಲಗೆ. "ಅದನ್ನೂ ನೆನಪಿಟ್ಕೊಳ್ಳಿ."

"ನೆನಪಿದೆ."

ಅವಳು ಎಚ್ಚರಿಕೆಯ ಕರೆ ಕಳಿಸುವ ಪುಟ ತೆರೆದಳು. ತುರ್ತಿಗೆಂದು ಅದಕ್ಕೆ ದನಿ ಮುದ್ರಿಸಿ ಕಳಿಸುವ ಅಧಿಕಾರ ಅವಳಿಗಿತ್ತು. ವನಗೂರು, ಮಾರನಹಳ್ಳಿ ಎಂದು ಒಂದೊಂದೇ ಆರಿಸಿದಳು. ಆಮೇಲೆ ಬೇಸರವಾಗಿ ಎಲ್ಲ ಊರುಗಳನ್ನೂ ಆರಿಸಿದಳು. ನಟರಾಜ್ ಬಂದು ಪಕ್ಕದಲ್ಲಿ ನಿಂತು, ಅಧ್ಯಕ್ಷರನ್ನು ಒಂದು ಮಾತು ಕೇಳೋಣ, ನಾಳೆ ಮಾಡೋಣ ಎನ್ನುತ್ತಲೇ ಇದ್ದರು. ಅವಳು ಮೈಕಿಗೆ ಬಾಯಿಟ್ಟಳು.

"ಇದು ಬೆಳೆಗಾರರ ಸಂಘದ ಕಚೇರಿ. ನಾನು ಸುಚಿತ್ರಾ. ನಿನ್ನೆ ಬೆಳಗ್ಗೆ ವನಗೂರಿನ ಬೋರ್ಡಿನಲ್ಲಿ ಹಸಿರು ಹತ್ತಿದ್ದು ನಮ್ಮ ಯಂತ್ರದ ತಪ್ಪು. ತಾಯಿ ಮರಿ ಇವೆ ಅಂತ ಪ್ರದೀಪ ಸರಿಯಾಗೇ ಕಳಿಸಿದ್ದ. ಅದನ್ನ ಓದಕ್ಕೆ ಯಂತ್ರಕ್ಕೆ ಬರಲಿಲ್ಲ. ಬರಲಿಲ್ಲ ಅಂತ ಹೇಳದೆ ಆನೆ ಇಲ್ಲ ಅಂತ ಹೇಳಿಬಿಡ್ತು. ಅದನ್ನ ಪರೀಕ್ಷೆ ಮಾಡಿ ಒಪ್ಪಿಕೊಂಡವಳು ನಾನು. ಪ್ರದೀಪ ಕುಡಿದಿರಲಿಲ್ಲ, ಮಲಗಿರಲಿಲ್ಲ. ಅವನದೇನೂ ತಪ್ಪಿಲ್ಲ. ಯಂತ್ರವನ್ನ ಇವತ್ತು ಸರಿ ಮಾಡಿದೀವಿ. ಆದರೂ ಹಸಿರು ಕಂಡ ಮೇಲೆ ರೈಟರಿಗೆ ಒಂದು ಫೋನ್ ಮಾಡಿ ಕೇಳಿಯೇ ತೋಟಕ್ಕೆ ಇಳೀರಿ."

ಕಳಿಸಿದಳು. ನಟರಾಜ್ ಅವಳ ಎದುರಿನ ಕುರ್ಚಿಯಲ್ಲಿ ಕುಸಿದು ಕೂತು, "ಮುಗೀತು," ಎಂದರು. ಅವಳು ಕೀಬೋರ್ಡಿನ ಅಂಟುಕಾಫಿಯನ್ನು ಸೀರೆಯ ಸೆರಗಿನಿಂದ ಒರೆಸಲು ಶುರುಮಾಡಿದ್ದಳಷ್ಟೆ, ಕಚೇರಿಯ ಫೋನು ಹೊಡೆದುಕೊಂಡಿತು.

"ಯಾರು, ಈಗ ಫೋನಲ್ಲಿ ಮಾತಾಡಿದ್ದು?" ವಯಸ್ಸಾದ ಗಂಡಸಿನ ದನಿ. ಹಿಂದೆ ಆಸ್ಪತ್ರೆಯ ಗದ್ದಲ.

"ನಾನೇ. ನೀವು?"

"ಹುಲಿಯಮ್ಮನ ಗಂಡ."

ಅವಳು ಎದ್ದು ನಿಂತಳು.

"ಆ ಹುಡುಗನ ಮುಖಕ್ಕೆ ಹೊಡ್ದೆನಲ್ಲವ್ವ ನಾನು. ನನ್ನ ಮಗನ ಜೊತೆ ಆಡ್ಕೊಂಡು ಬೆಳ್ದೋನು ಅವನು. ರಕ್ತ ಬರೋ ಹಂಗೆ ಹೊಡೆದ್ಬುಟ್ಟೆ. ಆಫೀಸಿನೋರೇ ಹೇಳ್ತವ್ರೆ, ಇವನೇ ಕಳ್ಸಿರೋದು ಅಂತ ಮಿಷನ್ನಲ್ಲಿ ಬಂದೈತೆ ಅಂತ. ನಾವು ನಂಬ್ದೋ. ಓದಿದೋರು ಹೇಳಿದ್ರು ಅಂತ ನಂಬ್ದೋ. ನೀವೇನ್ ಮನುಷ್ಯರಾ? ಕುರ್ಚಿ ಮೇಲೆ ಕೂತ್ಕೊಂಡು ದೀಪ ಹಚ್ಚಾಟ ಆಡ್ತೀರಾ? ಅವಳು ಹಿಂಗೆ ಬಿದ್ದವಳೆ, ಮಗ್ಗುಲಾಗಕ್ಕೆ ಆಗ್ತಿಲ್ಲ, ಬಾಯಲ್ಲಿ ಬಟ್ಟೆ ಕಚ್ಕೊಂಡವಳೆ..."

ಬೈಗುಳ ಬಹಳ ಹೊತ್ತು ನಡೆಯಿತು. ಅದರಲ್ಲಿ ಅವಳ ತಾಯಿ ತಂದೆ ಬಂದರು, ಓದಿಸಿದವರು ಬಂದರು, ಕಂಪನಿ ಬಂತು. ಒಂದೊಂದೂ ಸರಿಯಾದ ಕಡೆಗೇ ಬಂದು ಬೀಳುತ್ತಿದೆ ಎನ್ನಿಸಿತು ಅವಳಿಗೆ. ಕೊನೆಗೆ ಭೂತಯ್ಯ ಉಸಿರು ಎಳೆದುಕೊಂಡ.

"ಕಂಪ್ಲೇಂಟು ನಾನು ಕೊಟ್ಟೇ ಕೊಡ್ತೀನಿ. ಬಿಡಾಕಿಲ್ಲ."

"ಕೊಡಿ."

"ಪ್ರದೀಪನ ಹೆಸರು ಬರ್ಸಿದ್ದೆ, ಅದನ್ನ ಹೊಡೆದಾಕುಸ್ತೀನಿ. ಬೇರೆ ಯಾರ್ ಯಾರ್ದು ಹಾಕ್ಬೇಕು ಹೇಳು. ಇಲ್ಲಿ ನರ್ಸಮ್ಮ ಪೆನ್ನು ಹಿಡ್ಕೊಂಡವ್ರೆ."

ಸುಚಿತ್ರಾ ಮೊದಲು ತನ್ನ ಹೆಸರು ಹೇಳಿದಳು, ತಂದೆಯ ಹೆಸರಿನೊಂದಿಗೆ. ಆಮೇಲೆ ಕಂಪನಿಯ ಹೆಸರು, ಅದರ ಊರು. ಪ್ರತಾಪನ ಹೆಸರು. ಆ ಕಡೆ ಬರೆದುಕೊಳ್ಳಲು ಆಗುವಂತೆ ಒಂದೊಂದನ್ನೂ ಬಿಡಿಸಿ, ನಿಧಾನವಾಗಿ.

ಮೇಜಿನ ಆಚೆ ನಟರಾಜ್ ಕುರ್ಚಿಯ ಅಂಚಿಗೆ ಬಂದು, ಅವಳ ತುಟಿಗಳನ್ನೇ ನೋಡುತ್ತಿದ್ದರು.

"ಇನ್ನೊಂದಿದೆ, ಬರ್ಕೊಳ್ಳಿ," ಎಂದಳು ಅವಳು.